ಬಂದರು ಬಂದ್ ಆದಾಗ ನನ್ನ ಕೀಟೋ ನಿಂತಿತು

ಕಳೆದ ಮಾರ್ಚ್‌ನಲ್ಲಿ ನನ್ನ ಎಚ್‌ಬಿಎ1ಸಿ 6.1 ಬಂತು, ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತ ಪರೀಕ್ಷೆ ಅದು. 5.7ರಿಂದ 6.4ರ ಒಳಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ಹಾಗೆ. ತೂಕ 74 ಕಿಲೋ. ಅಂಕೋಲೆಯಲ್ಲಿ ದಿನವಿಡೀ ಹೊಲಿಗೆ ಮಷಿನ್ ಮುಂದೆ ಕೂರುವವಳು ನಾನು. ಸಕ್ಕರೆ ಕಾಯಿಲೆಯಿಂದ ಅಪ್ಪನ ಕಾಲಿನ ಎರಡು ಬೆರಳು ತೆಗೆದಿದ್ದನ್ನು ಕಣ್ಣಾರೆ ನೋಡಿದ್ದೇನೆ. ತುಂಬಾ ಹೆದರಿದೆ. ಡಾಕ್ಟರು ಮಾತ್ರೆ ಬರೆಯಲಿಲ್ಲ, ಮೊದಲು ಊಟ ಸರಿ ಮಾಡಿಕೊಂಡು ಬನ್ನಿ ಎಂದರು.

ಕೇಳಿದವರೆಲ್ಲ ಒಂದೊಂದು ದಾರಿ ಹೇಳಿದರು. ಬೆಂಗಳೂರಿನ ತಂಗಿ ಗ್ಲುಟೆನ್ ಬಿಡು ಎಂದಳು. ಗ್ಲುಟೆನ್ ಅಂದರೆ ಒಂದು ಪ್ರೋಟೀನು, ಇರುವುದು ಗೋಧಿ, ಬಾರ್ಲಿಯಲ್ಲಿ. ನಮ್ಮಲ್ಲಿ ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅನ್ನ, ರಾತ್ರಿಯೂ ಅನ್ನ. ಗ್ಲುಟೆನ್ ಮೈಗೆ ಆಗದ ಸೀಲಿಯಾಕ್ ಕಾಯಿಲೆ ಇದ್ದವರು ಗೋಧಿ ಬಿಡಲೇಬೇಕು, ಸರಿ. ಅಕ್ಕಿ ಉಣ್ಣುವ ನಾನು ಬಿಡುವುದಾದರೂ ಏನನ್ನು?

ಅನ್ನ, ಸಕ್ಕರೆ ಬಿಟ್ಟು ಕೊಬ್ಬೇ ಹೆಚ್ಚು ತಿನ್ನುವ ಕೀಟೋ ಮಾತ್ರ ನಮಗೆ ಹೇಳಿ ಮಾಡಿಸಿದ ಹಾಗೆ ಕಂಡಿತು. ಮೀನು, ಮೊಟ್ಟೆ, ತೆಂಗಿನೆಣ್ಣೆ. ಕರಾವಳಿಯಲ್ಲಿ ಇವಕ್ಕೇನು ಕಡಿಮೆ, ಅಲ್ವಾ? ಆದರೆ ಕಾರ್ಬ್ (ಊಟದಲ್ಲಿನ ಪಿಷ್ಟ, ಸಕ್ಕರೆಯ ಅಂಶ) ದಿನಕ್ಕೆ 20ರಿಂದ 50 ಗ್ರಾಂ ದಾಟಬಾರದು. ಶುರು ಮಾಡುವ ಮುಂಚೆ ಒಂದು ಮಧ್ಯಾಹ್ನ ನಾನು ಉಣ್ಣುವ ಅನ್ನವನ್ನು ತಕ್ಕಡಿ ಮೇಲಿಟ್ಟೆ. ಮೊದಲು ಬಡಿಸಿಕೊಳ್ಳುವುದು, ಮೀನು ಸಾರಿಗೆಂದು ಮತ್ತೆ ಹಾಕಿಕೊಳ್ಳುವುದು, ಎರಡೂ ಸೇರಿ 420 ಗ್ರಾಂ. 100 ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಕಾರ್ಬ್ ಇರುತ್ತದೆ. ಒಂದೇ ಹೊತ್ತಿಗೆ 115 ಗ್ರಾಂ ದಾಟಿತು! ನಾನು ಜಾಸ್ತಿ ಉಣ್ಣುವವಳಲ್ಲ ಅಂತಲೇ ಇಷ್ಟು ವರ್ಷ ನಂಬಿದ್ದೆ.

ಏಪ್ರಿಲ್‌ನಲ್ಲಿ ಅನ್ನ ಬಿಟ್ಟೆ. ಮೊದಲ ವಾರವೇ ಎರಡೂವರೆ ಕಿಲೋ ಇಳಿಯಿತು. ಖುಷಿಪಟ್ಟೆ. ಅದರಲ್ಲಿ ಬಹುಪಾಲು ನೀರು ಅಂತ ಆಮೇಲೆ ತಿಳಿಯಿತು. ನಮ್ಮ ಮೈ ಕೂಡಿಟ್ಟುಕೊಳ್ಳುವ ಸಕ್ಕರೆಯಾದ ಗ್ಲೈಕೋಜನ್‌ನ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಅನ್ನ ಬಿಟ್ಟಾಗ ಅದು ಕರಗುತ್ತದೆ, ನೀರೂ ಹೋಗುತ್ತದೆ. ತಲೆನೋವು ಬಂತು, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಆದರೂ ಬಂಗಡೆ, ತಾರ್ಲೆ, ಮೊಟ್ಟೆ, ಸೌತೆಕಾಯಿ ತಿಂದುಕೊಂಡು ಎರಡು ತಿಂಗಳು ನಡೆಸಿದೆ. ಅನ್ನ ಇಲ್ಲದೆ ಬಟ್ಟಲಲ್ಲಿ ಮೀನು ಸಾರು ಕುಡಿಯುವುದನ್ನು ನೋಡಿ ಅತ್ತೆ ದಿನಾ ಕೇಳುತ್ತಿದ್ದರು, “ಎಂತಕೆ ಹೀಗೆ ಉಪವಾಸ ಬೀಳ್ತೆ? ಒಂದು ತುತ್ತಾದ್ರೂ ಉಣ್ಣು.”

ಜೂನ್ 1 ಬಂತು. ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿ ಕಡಲಿಗಿಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ, ಆ ನಿಷೇಧ ಬೇಕಾದದ್ದೇ. ಆದರೆ ಬುಟ್ಟಿ ಹೊತ್ತು ಬರುವ ಅಕ್ಕ ಬರಿಗೈಲಿ ಬಂದಳು. ಸಿಕ್ಕ ಹೊಳೆ ಮೀನಿಗೆ ಕೈ ಸುಡುವ ರೇಟು. ಒಣಮೀನು ಹುರಿದು ತಿನ್ನತೊಡಗಿದೆ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಣಮೀನಿನಲ್ಲಿ ಅದನ್ನು ಕಾಯುವುದು ಹೇಗೆ? ಬಿಪಿ ಏರಿತು. ಮೀನಿನ ನಿಷೇಧ ಮುಗಿದರೆ ಶ್ರಾವಣ, ಚೌತಿ ಮುಗಿಯುವವರೆಗೆ ಮನೆಯಲ್ಲಿ ಮೀನಿಲ್ಲ. ಜೂನ್ ನಡುವಿಗೆ ಕೀಟೋ ನಿಲ್ಲಿಸಿದೆ. ಹದಿನೈದು ದಿನದಲ್ಲಿ ಎರಡು ಕಿಲೋ ವಾಪಸ್ ಬಂತು.

ಆಗ ಬೇರೆ ಥರ ಯೋಚಿಸಿದೆ. ಮಳೆಗಾಲದಲ್ಲೂ, ಶ್ರಾವಣದಲ್ಲೂ ನಮ್ಮನೆ ಒಲೆ ಮೇಲೆ ಬೇಯುವ ಊಟ ಯಾವುದು?

16 ತಾಸು ಉಪವಾಸ, 8 ತಾಸಿನೊಳಗೆ ಊಟ, ಇದನ್ನು ಹಿಡಿದೆ. ಬೆಳಿಗ್ಗೆ 11ರಿಂದ ಸಂಜೆ 7. ಮೂರನೇ ದಿನ ಹತ್ತು ಗಂಟೆಗೆ ಸೂಜಿಗೆ ದಾರ ಪೋಣಿಸಲು ಕೂತರೆ ಕೈ ನಡುಗಿತು. ನಾಲ್ಕು ಸಲ ತಪ್ಪಿತು. ಸುಮ್ನೆ ಹಟ ಮಾಡಲಿಲ್ಲ, 14 ತಾಸಿಗೆ ಇಳಿಸಿದೆ. ಈಗ ಬೆಳಿಗ್ಗೆ 9ಕ್ಕೆ ಗಂಜಿಯ ಬದಲು ಮೊಳಕೆ ಹೆಸರುಕಾಳು, ಸಂಜೆ 7ಕ್ಕೆ ಕೊನೆಯ ಊಟ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ. ಸಕ್ಕರೆ ದಿಢೀರನೆ ಇಳಿದುಬಿಡಬಹುದು.

ಅನ್ನ ಬಿಟ್ಟಿಲ್ಲ. 150 ಗ್ರಾಂ ಹಿಡಿಯುವ ಒಂದು ಸ್ಟೀಲ್ ಬಟ್ಟಲು ಇಟ್ಟುಕೊಂಡಿದ್ದೇನೆ, ಹೊತ್ತಿಗೆ ಅದೊಂದೇ. ಕುಚಲಕ್ಕಿಯೇ. ಉಳಿದ ತಟ್ಟೆ ತುಂಬಾ ಹಾಲಕ್ಕಿ ಬುಡಕಟ್ಟಿನ ಹೆಂಗಸರು ಪೇಟೆಗೆ ತರುವ ಹರಿವೆ, ಬಸಳೆ. ಮೀನಿದ್ದರೆ ಮೀನು, ಇಲ್ಲದಿದ್ದರೆ ಅಲಸಂದೆ, ಕಡಲೆ, ಮೊಟ್ಟೆ. ಶ್ರಾವಣದಲ್ಲಿ ಮೊಟ್ಟೆಯೂ ಇಲ್ಲ, ಕಾಳು ಜಾಸ್ತಿ. ನನಗೆಂದು ಬೇರೆ ಪಾತ್ರೆ ಇಡಬೇಕಿಲ್ಲ.

ಚೌತಿಗೆ ಎರಡು ಮೋದಕ ತಿಂದೆ. ಅಕ್ಟೋಬರ್‌ನಲ್ಲಿ ಎಚ್‌ಬಿಎ1ಸಿ 5.7, ತೂಕ 69. ಹೊಸ್ತಿಲಿಂದ ಇನ್ನೂ ಪೂರ್ತಿ ಇಳಿದಿಲ್ಲ. ಜನವರಿಯಲ್ಲಿ ಮತ್ತೆ ರಕ್ತ ಕೊಡಬೇಕು. ಈಗ ಸಂಜೆ ಏಳಕ್ಕೆ ಅತ್ತೆಯೂ ತಟ್ಟೆ ತಗೊಂಡು ನನ್ನ ಪಕ್ಕ ಕೂರುತ್ತಾರೆ.