ದಿವಾಳಿ ಅರ್ಜಿಗೆ ಮುನ್ನ ಮನೆಯ ನಿಜವಾದ ಲೆಕ್ಕ ಬರೆಯುವುದು ಹೇಗೆ?

ಮಂಡ್ಯದ ನ್ಯಾಯಾಲಯದ ಆವರಣದಲ್ಲಿ ಒಂದು ಮಧ್ಯಾಹ್ನ ಗಂಡ ಹೆಂಡತಿ ನನ್ನ ಪಕ್ಕದಲ್ಲಿ ಕುಳಿತಿದ್ದರು. ಗಂಡ ಗೂಡ್ಸ್ ಆಟೊ ಓಡಿಸುತ್ತಾರೆ, ಹೆಂಡತಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಮಗನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತಿಂಗಳ ಖರ್ಚು ಬರೆದು ತಂದಿದ್ದರು. ಐದು ಜನರ ಊಟಕ್ಕೆ 5,000 ರೂಪಾಯಿ ಎಂದಿತ್ತು. ಹಾಲು, ತರಕಾರಿ ಎಲ್ಲ ಸೇರಿಯೇ ಎಂದು ಕೇಳಿದೆ. ಗಂಡ ತಲೆಯಾಡಿಸಿದರು. ಹೆಂಡತಿ ಮಾತನಾಡದೆ ಪೆನ್ನು ತೆಗೆದುಕೊಂಡು ಆ ಅಂಕಿಯನ್ನು ಹೊಡೆದುಹಾಕಿ ಪಕ್ಕದಲ್ಲಿ 8,200 ಎಂದು ಬರೆದರು.

ಗಂಡ ಯಾರಿಗೂ ಮೋಸ ಮಾಡಲು ಹೊರಟಿರಲಿಲ್ಲ. ಸಾಲ ತೀರಿಸಲಾಗದವನು ಹೊಟ್ಟೆ ತುಂಬ ಉಣ್ಣುತ್ತಾನೆ ಎಂದು ಕಾಗದದ ಮೇಲೆ ಕಾಣಬಾರದು ಎನ್ನುವ ಸಂಕೋಚ ಅವರದು. ನಮ್ಮ ಕಡೆ ‘ಪಾಪರ್ ಚೀಟಿ’ ಎಂಬ ಮಾತಿಗೆ ಅಂಟಿಕೊಂಡಿರುವ ನಾಚಿಕೆಯೇ ಇಂಥ ಅಂಕಿಗಳನ್ನು ಬರೆಸುತ್ತದೆ. ಆದರೆ ಕಡಿಮೆ ಬರೆದ ಲೆಕ್ಕ ಬರೆದವರಿಗೇ ಉರುಳಾಗುತ್ತದೆ. ಹೇಗೆಂದು ತಿಳಿಯಲು ಕಾನೂನನ್ನು ಸ್ವಲ್ಪ ನೋಡಬೇಕು.

ಯಾವ ಕಾನೂನು, ಲೆಕ್ಕ ಏಕೆ?

2016ರ ದಿವಾಳಿ ಸಂಹಿತೆಯ ಹೆಸರನ್ನು ಎಲ್ಲರೂ ಕೇಳಿದ್ದಾರೆ. ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿಯ ಸಾಲಕ್ಕೆ ಸ್ವಂತ ಜಾಮೀನು ನಿಂತವರಿಗೆ ಮಾತ್ರ. ಮೈಸೂರು, ಮಂಡ್ಯದ ಸಾಮಾನ್ಯ ಕುಟುಂಬಕ್ಕೆ ಈಗಲೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಅರ್ಜಿ ಹೋಗಬೇಕಾದದ್ದು ಜಿಲ್ಲಾ ನ್ಯಾಯಾಲಯಕ್ಕೆ ಅಥವಾ ಸರ್ಕಾರ ಆ ಅಧಿಕಾರ ಕೊಟ್ಟಿರುವ ಕೆಳಗಿನ ಸಿವಿಲ್ ನ್ಯಾಯಾಲಯಕ್ಕೆ.

ಅರ್ಜಿಯಲ್ಲಿ ಸಾಲ ಕೊಟ್ಟವರೆಲ್ಲರ ಹೆಸರು, ವಿಳಾಸ, ಮೊತ್ತ ಮತ್ತು ನಿಮ್ಮ ಆಸ್ತಿಯ ಪೂರ್ಣ ವಿವರ ಇರಬೇಕು. ಮನೆ ಖರ್ಚಿನ ಪಟ್ಟಿಯನ್ನು ಕಾಯ್ದೆ ಹೆಸರಿಟ್ಟು ಕೇಳುವುದಿಲ್ಲ. ಆದರೂ ಸಾಲ ತೀರಿಸಲು ಶಕ್ತಿಯಿಲ್ಲ ಎಂದು ತೋರಿಸಬೇಕಾದವರು ನೀವೇ. ಮುಂದೆ ಋಣಮುಕ್ತಿಯ, ಅಂದರೆ ಸಾಲದಿಂದ ಬಿಡುಗಡೆಯ, ಆದೇಶ ಕೊಡುವಾಗ, ನಿಮ್ಮ ಮುಂದಿನ ಗಳಿಕೆಯಿಂದ ಇಷ್ಟು ಕಟ್ಟಬೇಕು ಎಂಬ ಷರತ್ತನ್ನು ನ್ಯಾಯಾಲಯ ಹಾಕಬಹುದು. 5,000ದಲ್ಲಿ ಊಟ ಮುಗಿಯುತ್ತದೆ ಎಂದು ನೀವೇ ಬರೆದುಕೊಟ್ಟಿದ್ದರೆ, ಉಳಿದ 3,200 ರೂಪಾಯಿ ಕೈಯಲ್ಲಿದೆ ಎಂದೇ ಅರ್ಥವಾಗುತ್ತದೆ.

ಮೊದಲ ಹೆಜ್ಜೆ: ಹನ್ನೆರಡು ತಿಂಗಳ ಆದಾಯ

ಒಳ್ಳೆಯ ತಿಂಗಳೊಂದನ್ನು ಹಿಡಿದು ಬರೆಯಬೇಡಿ. ಮದುವೆ ಕಾಲದಲ್ಲಿ ಆಟೊಗೆ ಬಿಡುವಿರುವುದಿಲ್ಲ, ಆಷಾಢದಲ್ಲಿ ಬಾಡಿಗೆಗೆ ಕಾಯಬೇಕು. ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇ ವಿವರ, ಮೈಸೂರಿನ ಬಂಡೀಪಾಳ್ಯದ ಎಪಿಎಂಸಿ ಮಾರುಕಟ್ಟೆಗೆ ಹೊಡೆದ ಲೋಡಿನ ಚೀಟಿಗಳು, ಹೀಗೆ ಸಿಕ್ಕಿದ್ದೆಲ್ಲವನ್ನೂ ಗುಡ್ಡೆ ಹಾಕಿ ಹನ್ನೆರಡು ತಿಂಗಳ ಮೊತ್ತ ಕೂಡಿಸಿ, ಹನ್ನೆರಡರಿಂದ ಭಾಗಿಸಿ. ಡೀಸೆಲ್, ಟೈರು, ವಿಮೆ, ಎಫ್‌ಸಿ (ವಾಹನದ ಅರ್ಹತಾ ಪತ್ರ) ಖರ್ಚನ್ನು ಮೊದಲೇ ಕಳೆಯಿರಿ. ಅದು ದುಡಿಮೆಯ ಖರ್ಚು, ಮನೆಯದಲ್ಲ. ಕಬ್ಬು ಬೆಳೆಯುವವರಿಗೂ ಇದೇ ದಾರಿ: ಕಾರ್ಖಾನೆಯ ಹಣ ಕೈಗೆ ಬಂದ ತಿಂಗಳಲ್ಲಿ ಶ್ರೀಮಂತರಂತೆ, ಉಳಿದ ತಿಂಗಳುಗಳಲ್ಲಿ ಬರಿಗೈ ಎಂಬಂತೆ ಬರೆದರೆ ಎರಡೂ ಸುಳ್ಳು.

ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಕಂತು ತಡವಾಗುವುದುಂಟು, ಬಾಕಿ ಒಟ್ಟಿಗೆ ಬರುವುದೂ ಉಂಟು. ವರ್ಷದಲ್ಲಿ ಖಾತೆಗೆ ಬಿದ್ದದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಗೃಹಜ್ಯೋತಿ, ಶಕ್ತಿ ಯೋಜನೆಗಳು ಆದಾಯವಲ್ಲ. ವಿದ್ಯುತ್ ಮತ್ತು ಬಸ್ ಖರ್ಚಿನ ಸಾಲಿನಲ್ಲಿ ಅವು ತಾವಾಗಿಯೇ ಕಾಣುತ್ತವೆ.

ಈ ಕುಟುಂಬದ ಲೆಕ್ಕದಲ್ಲಿ ಗೃಹಲಕ್ಷ್ಮಿ ಇರಲಿಲ್ಲ. ಗಂಡನದು 13,000, ಹೆಂಡತಿಯದು 11,500, ಒಟ್ಟು 24,500 ಎಂದಾಯಿತು.

ಎರಡನೆಯದು: ತಿಂಗಳಿಗೆ ಬಾರದ ಖರ್ಚು

ಬಹುತೇಕ ಲೆಕ್ಕಗಳು ಮುರಿಯುವುದು ಇಲ್ಲೇ. ಬಾಡಿಗೆ, ಅಕ್ಕಿ, ರಾಗಿ, ಹಾಲು ಎಲ್ಲರ ನೆನಪಿನಲ್ಲೂ ಇರುತ್ತವೆ. ಜೂನ್‌ನ ಶಾಲಾ ಶುಲ್ಕ ಇರುವುದಿಲ್ಲ. ಯುಗಾದಿಯ ಮಾರನೆಯ ದಿನದ ಹೊಸತೊಡಕು, ಅದಕ್ಕೆಂದು ವರ್ಷವಿಡೀ ಕಟ್ಟುವ ಚೀಟಿ, ಗೌರಿ ಹಬ್ಬದ ಬಾಗಿನ, ಪಿತೃಪಕ್ಷದ ಎಡೆ, ಊರ ಹಬ್ಬಕ್ಕೆ ಬರುವ ನೆಂಟರು, ಮದುವೆ ಮನೆಯ ಮುಯ್ಯಿ, ಇವನ್ನೆಲ್ಲ ಬರೆಯಲು ಜನ ಹಿಂಜರಿಯುತ್ತಾರೆ. ಬರೆಯಲೇಬೇಕು. ಮುಯ್ಯಿ ದುಂದಲ್ಲ. ನಮ್ಮ ಮನೆಯ ಮದುವೆಯಲ್ಲಿ ಅವರು ಹಾಕಿದ್ದನ್ನು ನಾವು ಹಿಂದಿರುಗಿಸುತ್ತೇವೆ. ಬಜೆಟ್‌ನಲ್ಲಿ ಇಲ್ಲವೆಂದು ಯಾರೂ ಅದನ್ನು ಬಿಡುವುದಿಲ್ಲ. ಕೈಸಾಲ ತಂದಾದರೂ ಹಾಕುತ್ತಾರೆ, ಮತ್ತೆ ಸಾಲ ಹುಟ್ಟುತ್ತದೆ.

ಇವರ ಮನೆಯಲ್ಲಿ ಶಾಲೆಗೆ ವರ್ಷಕ್ಕೆ 22,000, ಹಬ್ಬಗಳಿಗೆ 6,000, ಮುಯ್ಯಿಗೆ 5,000, ಪಿತೃಪಕ್ಷ ಮತ್ತು ಊರ ಹಬ್ಬಕ್ಕೆ 3,000. ಕೂಡಿಸಿದರೆ 36,000, ಅಂದರೆ ತಿಂಗಳಿಗೆ 3,000 ರೂಪಾಯಿ. ಮೊದಲು ತಂದಿದ್ದ ಹಾಳೆಯಲ್ಲಿ ಇದರ ಸುಳಿವೇ ಇರಲಿಲ್ಲ.

ಗ್ಯಾಸ್ ಸಿಲಿಂಡರನ್ನೂ ಹೀಗೆಯೇ ಹಂಚಿ. 900 ರೂಪಾಯಿಯ ಸಿಲಿಂಡರ್ 45 ದಿನ ಬಂದರೆ ತಿಂಗಳಿಗೆ 600.

ಮೂರನೆಯದು: ಕೂಡಿಸಿ ಕಳೆಯುವುದು

ಬಾಡಿಗೆ 5,500, ಊಟ 8,200, ಗ್ಯಾಸ್ 600, ನೀರು 200, ಮೊಬೈಲ್ 600, ಅತ್ತೆಯ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ 900, ಓಡಾಟ 500, ಸೋಪು, ಕ್ಷೌರ ಮುಂತಾದ ಸಣ್ಣಪುಟ್ಟದ್ದು 800, ವರ್ಷದ ಖರ್ಚಿನ ಪಾಲು 3,000. ಇದರ ಮೇಲೆ ಆಕಸ್ಮಿಕಕ್ಕೆಂದು 1,000 ಸೇರಿಸಿದೆವು. ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಹೋಗಿ ಬರುವ ದಿನದ ಕೂಲಿಯೂ ಹೋಗುತ್ತದೆ. ಅದನ್ನು ಬರೆಯದೆ ಇರುವುದು ಹೇಗೆ? ಒಟ್ಟು 21,300 ರೂಪಾಯಿ.

24,500ರಲ್ಲಿ ಅದನ್ನು ಕಳೆದರೆ ಉಳಿಯುವುದು 3,200. ಹಳೆಯ ಹಾಳೆಯ ಪ್ರಕಾರ 10,400 ಉಳಿಯಬೇಕಿತ್ತು. ಆ ಅಂಕಿಯನ್ನು ನಂಬಿಯೇ ಅವರು ಕಂತು ಕಟ್ಟುತ್ತೇನೆಂದು ಎರಡು ಬಾರಿ ಮಾತು ಕೊಟ್ಟು ತಪ್ಪಿದ್ದರು.

ಮಾತ್ರೆಗಳನ್ನು ಜನೌಷಧಿ ಕೇಂದ್ರದಲ್ಲಿ ಕೊಳ್ಳುವಂತಹ ನಿಜವಾದ ಉಳಿತಾಯವಿದ್ದರೆ ಮೊದಲು ಎರಡು ತಿಂಗಳು ಮಾಡಿ ನೋಡಿ, ಆಮೇಲೆ ಅಂಕಿ ಬದಲಿಸಿ. ಮಾಡುತ್ತೇವೆಂಬ ಆಸೆಯನ್ನು ಲೆಕ್ಕದಲ್ಲಿ ಬರೆಯಬೇಡಿ.

ನಾಲ್ಕನೆಯದು: ಸಾಲದ ಹಾಳೆ

ಒಂದೂ ಬಿಡದೆ ಬರೆಯಿರಿ: ಬ್ಯಾಂಕು, ಮೈಕ್ರೊ ಫೈನಾನ್ಸ್, ಸ್ತ್ರೀಶಕ್ತಿ ಸಂಘ, ಮೊಬೈಲ್ ಆ್ಯಪ್, ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲ, ಭಾವಮೈದನ ಬಳಿ ಪಡೆದದ್ದು. ಮನೆಯವರಲ್ಲವೇ ಎಂದು ಭಾವಮೈದನನ್ನು ಬಿಡುವುದು ದೊಡ್ಡ ತಪ್ಪು. ಅರ್ಜಿಗೆ ಮೂರು ತಿಂಗಳ ಹಿಂದಿನಿಂದ ಒಬ್ಬರಿಗೆ ಮಾತ್ರ ಒಲವು ತೋರಿ ಸಾಲ ತೀರಿಸಿದ್ದರೆ ಆ ಪಾವತಿಯನ್ನು ನ್ಯಾಯಾಲಯ ರದ್ದು ಮಾಡಬಹುದು. ಎರಡು ವರ್ಷದೊಳಗೆ ಆಸ್ತಿಯನ್ನು ಹಣ ಪಡೆಯದೆ ಸುಮ್ಮನೆ ಬೇರೆಯವರ ಹೆಸರಿಗೆ ಮಾಡಿದ್ದರೆ ಅದೂ ನಿಲ್ಲದೆ ಹೋಗಬಹುದು. ಮೋಸದ ಉದ್ದೇಶದಿಂದ ಆಸ್ತಿ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು.

ವಾರದ ಕಂತನ್ನು ನಾಲ್ಕರಿಂದ ಗುಣಿಸಬೇಡಿ, ವರ್ಷಕ್ಕೆ 52 ವಾರ. ವಾರಕ್ಕೆ 850 ರೂಪಾಯಿ ಎಂದರೆ ತಿಂಗಳಿಗೆ 3,400 ಅಲ್ಲ, ಸುಮಾರು 3,683. ಈ ಕುಟುಂಬದ ಕಂತುಗಳೆಲ್ಲ ಸೇರಿ 19,000 ದಾಟುತ್ತಿದ್ದವು. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಮೈಕ್ರೊ ಫೈನಾನ್ಸ್ ಸಾಲ ಕೊಡುವಾಗ, ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು ಎನ್ನುತ್ತದೆ ರಿಸರ್ವ್ ಬ್ಯಾಂಕಿನ 2022ರ ನಿಯಮ. ಇವರಿಗೆ ಅರ್ಧವೆಂದರೆ 12,250. ಈ ಹಾಳೆಯನ್ನು ವಕೀಲರಿಗೆ ತಪ್ಪದೆ ತೋರಿಸಿ.

ಒತ್ತೆ ಇಟ್ಟ ಸಾಲಗಳನ್ನು ಬೇರೆ ಗೆರೆ ಹಾಕಿ ಬರೆಯಿರಿ. ದಿವಾಳಿ ಆದೇಶವಾದರೂ ಒತ್ತೆ ಇಟ್ಟುಕೊಂಡವರ ಹಕ್ಕು ಹೋಗುವುದಿಲ್ಲ. ಗಿರವಿಯ ಒಡವೆ ಹರಾಜಾಗಬಹುದು, ಸಾಲದ ಆಟೊವನ್ನು ಎಳೆದೊಯ್ಯಬಹುದು. ಹಾಗಾಗಿ ಆಟೊ ಇರುವ ಲೆಕ್ಕ ಒಂದು, ಆಟೊ ಇಲ್ಲದ ಲೆಕ್ಕ ಇನ್ನೊಂದು, ಎರಡನ್ನೂ ಬರೆಯಬೇಕು. ಎರಡನೆಯದನ್ನು ಬರೆಯುವಾಗ ಗಂಡ ಬಹಳ ಹೊತ್ತು ಸುಮ್ಮನಿದ್ದರು. ಆದರೂ ಬರೆದರು.

ಯಾವುದನ್ನು ಮುಟ್ಟುವಂತಿಲ್ಲ?

ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಜಪ್ತಿಯಿಂದ ಕೆಲವನ್ನು ಕಾಪಾಡುತ್ತದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಕುಶಲಕರ್ಮಿಯ ಉಪಕರಣ, ರೈತನ ನೇಗಿಲು, ಎತ್ತು, ಬಿತ್ತನೆ ಬೀಜ, ಧರ್ಮಾಚಾರದಂತೆ ಹೆಣ್ಣುಮಗಳು ತೆಗೆಯಬಾರದ ಒಡವೆ, ಕೂಲಿಕಾರರ ಕೂಲಿ ಇವನ್ನು ಜಪ್ತಿ ಮಾಡುವಂತಿಲ್ಲ. ಮಾಂಗಲ್ಯವನ್ನೂ ಕೇಳುತ್ತಾರೆಯೇ ಎಂದು ಆ ಹೆಣ್ಣುಮಗಳು ಕೇಳಿದರು. ಇಲ್ಲ ಎಂದು ಹೇಳಿದ ಮೇಲೆಯೇ ಅವರ ಕೈ ಕತ್ತಿನ ಬಳಿಯಿಂದ ಕೆಳಗಿಳಿಯಿತು.

ಸಂಬಳದಾರರಿಗೆ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗಕ್ಕೆ ರಕ್ಷಣೆ ಇದೆ. ಸಂಬಳ 14,500 ಇದ್ದರೆ 10,000 ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಗೆ ಲೆಕ್ಕ ಬೇರೆ.

ವಸೂಲಿಗೆ ಬರುವವರು

ಬೆಳಿಗ್ಗೆ 8ಕ್ಕೆ ಮುನ್ನ, ಸಂಜೆ 7ರ ನಂತರ, ಮೈಕ್ರೊ ಫೈನಾನ್ಸ್ ಸಾಲವಾದರೆ ಬೆಳಿಗ್ಗೆ 9ಕ್ಕೆ ಮುನ್ನ, ಸಂಜೆ 6ರ ನಂತರ, ವಸೂಲಿಗಾಗಿ ಕರೆ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಯಾರು, ಎಷ್ಟು ಗಂಟೆಗೆ ಬಂದರು, ಏನೆಂದರು ಎಂಬುದನ್ನು ಅದೇ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ.

ಅರ್ಜಿ ಹಾಕಿದ ಮೇಲೆ

ವಕೀಲರಿಗೆ ಕೊಡಲು ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ನೆರವು ಉಚಿತ. ಸಹಾಯವಾಣಿ 15100.

ದಿವಾಳಿ ಎಂದು ಘೋಷಿಸುವಾಗಲೇ, ಎಷ್ಟು ದಿನದೊಳಗೆ ಋಣಮುಕ್ತಿಗೆ ಅರ್ಜಿ ಹಾಕಬೇಕೆಂದು ನ್ಯಾಯಾಲಯ ಹೇಳುತ್ತದೆ. ಆ ತಾರೀಖನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆಯಿರಿ. ಋಣಮುಕ್ತಿಯ ಹೊತ್ತಿಗೆ ಜೂಜು, ಅತಿ ದುಂದು, ವ್ಯಾಪಾರಸ್ಥರಾದರೆ ಹಿಂದಿನ ಮೂರು ವರ್ಷದ ಲೆಕ್ಕ ಇಟ್ಟಿಲ್ಲದಿರುವುದು, ಇವು ಅಡ್ಡ ಬರುತ್ತವೆ. ಆದ್ದರಿಂದ ಖರ್ಚು ಬರೆಯುವುದನ್ನು ನಿಲ್ಲಿಸಬೇಡಿ. ಆ ದಂಪತಿ ಈಗ ಹೊಸ ಪುಸ್ತಕ ಕೊಂಡಿದ್ದಾರೆ. ರಾತ್ರಿ ಊಟವಾದ ಮೇಲೆ ಹೆಂಡತಿ ಹೇಳುತ್ತಾರೆ, ಗಂಡ ಬರೆಯುತ್ತಾರೆ.