ಓಕ್ ಸೋಂಕದ ಶಾಬ್ಲಿ: ಒಂದೇ ಬಾಟಲಿಯನ್ನು ಎರಡು ಬಗೆಯಲ್ಲಿ ಸವಿಯುವ ಕ್ರಮ

ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಉತ್ತರ ತುದಿಯಲ್ಲಿರುವ ಶಾಬ್ಲಿಯಲ್ಲಿ ಶಾರ್ಡನೆ ದ್ರಾಕ್ಷಿಯೊಂದರಿಂದಲೇ ಬಿಳಿ ವೈನ್ ತಯಾರಾಗುತ್ತದೆ. ಅದರಲ್ಲಿ ಬಹುಪಾಲು ಓಕ್ ಪೀಪಾಯಿಯನ್ನು ಕಾಣದೆ ಸ್ಟೀಲ್ ತೊಟ್ಟಿಯಲ್ಲಿಯೇ ಹುದುಗಿ ಹದಗೊಳ್ಳುವುದರಿಂದ, ವೆನಿಲಾ, ಲವಂಗ, ಸುಟ್ಟ ಬ್ರೆಡ್ಡಿನಂಥ ಪರಿಮಳಗಳು ಅಡ್ಡ ಬಾರದೆ ಹಣ್ಣಿನ ಘಮವೂ ಹುಳಿಯೂ ನೇರವಾಗಿ ತಿಳಿಯುತ್ತವೆ. ಶಾಬ್ಲಿಯ ಅತ್ಯುನ್ನತ ದರ್ಜೆಯಾದ ಗ್ರಾಂ ಕ್ರೂನಲ್ಲಿ ಕೆಲವರು ಪೀಪಾಯಿ ಬಳಸುವುದುಂಟು. ಆದ್ದರಿಂದ ಗಾಳಿಯಾಡಿಸಿದ ಮತ್ತು ಗಾಳಿಯಾಡಿಸದ ವೈನನ್ನು ಹೋಲಿಸುವ ಈ ಅಭ್ಯಾಸಕ್ಕೆ ಪೆಟಿ ಶಾಬ್ಲಿ (ಅಲ್ಲಿನ ಆರಂಭಿಕ ದರ್ಜೆ) ಅಥವಾ ಸಾಮಾನ್ಯ ಶಾಬ್ಲಿಯನ್ನೇ ಆರಿಸಿಕೊಳ್ಳಿ.

ಬಾಟಲಿಯನ್ನು ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಿ, ಅರ್ಧದಷ್ಟನ್ನು ಡಿಕ್ಯಾಂಟರಿಗೆ (ವೈನಿಗೆ ಗಾಳಿ ತಾಗಿಸುವ ಗಾಜಿನ ಹೂಜಿ) ಸುರಿದು, ಉಳಿದರ್ಧವನ್ನು ಬಾಟಲಿಯಲ್ಲಿಯೇ ಮುಚ್ಚಿಡಿ. ಇಲ್ಲಿ ಹೆಚ್ಚಿನವರು ಎಡವುವುದು ತಾಪಮಾನದ ವಿಷಯದಲ್ಲಿ. ಬೆಂಗಳೂರಿನ ಬೇಸಿಗೆಯ ಸಂಜೆ, ಅಗಲ ತಳದ ಡಿಕ್ಯಾಂಟರಿನಲ್ಲಿರುವ ವೈನ್ ಬೇಗನೆ ಬೆಚ್ಚಗಾಗುತ್ತದೆ. ಬೆಚ್ಚಗಾದ ವೈನಿನ ಘಮ ತಾನಾಗಿಯೇ ಹೆಚ್ಚುತ್ತದೆ. ನಾವು ಅದನ್ನು ಗಾಳಿಯ ಫಲವೆಂದು ತಪ್ಪಾಗಿ ತಿಳಿಯುತ್ತೇವೆ. ಹೀಗಾಗಿ ಬಾಟಲಿ ಮತ್ತು ಡಿಕ್ಯಾಂಟರ್ ಎರಡನ್ನೂ ಐಸ್ ಬೆರೆಸಿದ ನೀರಿನ ಒಂದೇ ಪಾತ್ರೆಯಲ್ಲಿ ನಿಲ್ಲಿಸಿ, ಅಡುಗೆಮನೆಯ ಥರ್ಮಾಮೀಟರಿನಿಂದ ಆಗಾಗ ಅಳೆದು, ತೀರಾ ತಣ್ಣಗಾಗುವ ಮುನ್ನ ಎರಡನ್ನೂ ಒಟ್ಟಿಗೇ ಹೊರತೆಗೆಯಿರಿ. ಈ ಒಂದು ಎಚ್ಚರಿಕೆ ತಪ್ಪಿದರೆ ಹೋಲಿಕೆಗೆ ಅರ್ಥವೇ ಉಳಿಯುವುದಿಲ್ಲ.

ಮೊದಲು ಬಾಟಲಿಯಿಂದ ನೇರವಾಗಿ ಬಗ್ಗಿಸಿಕೊಳ್ಳಿ. ಬಣ್ಣ ಹಸಿರು ಛಾಯೆಯ ತಿಳಿಹಳದಿಯಾಗಿರುತ್ತದೆ. ಗ್ಲಾಸನ್ನು ಅಲುಗಿಸದೆ ಒಮ್ಮೆ, ಸುತ್ತಿಸಿ ಮತ್ತೊಮ್ಮೆ ಮೂಸಿ ನೋಡಿ: ನಿಂಬೆ ಸಿಪ್ಪೆ, ಹಸಿರು ಸೇಬು, ಒದ್ದೆ ಕಲ್ಲು, ಕೆಲವೊಮ್ಮೆ ಆಗತಾನೆ ಗೀರಿದ ಬೆಂಕಿಕಡ್ಡಿ. ಆ ಕೊನೆಯದು ಗಂಧಕದ ಸಂಯುಕ್ತಗಳಿಂದ ಬರುವ ವಾಸನೆ. ಪೀಪಾಯಿಯ ಮರ ಗಾಳಿಯನ್ನು ಒಳಬಿಡುತ್ತದೆ, ಸ್ಟೀಲ್ ಬಿಡುವುದಿಲ್ಲ; ಆ ಕಾರಣ ಅವು ಉಳಿದುಕೊಳ್ಳುತ್ತವೆ. ಒಂದು ಗುಟುಕನ್ನು ಹತ್ತು ಸೆಕೆಂಡು ಬಾಯಲ್ಲಿಟ್ಟುಕೊಂಡು, ನುಂಗಿದ ಮೇಲೆ ನಾಲಿಗೆಯ ಬದಿಗಳಲ್ಲಿ ನೀರೂರುವುದು ಎಷ್ಟು ಹೊತ್ತು ನಿಲ್ಲುತ್ತದೆಂದು ಗಮನಿಸಿ ಬರೆದಿಟ್ಟುಕೊಳ್ಳಿ.

ಬಳಿಕ 15 ಮತ್ತು 30 ನಿಮಿಷಗಳಿಗೆ ಡಿಕ್ಯಾಂಟರಿನ ವೈನನ್ನು, ಪ್ರತಿಸಲ ಬಾಟಲಿಯದರ ಪಕ್ಕದಲ್ಲಿಟ್ಟು, ಒಂದೇ ಆಕಾರದ ಗ್ಲಾಸುಗಳಲ್ಲಿ ಸವಿಯಿರಿ. ಬೇಗ ಆವಿಯಾಗುವ ಹೈಡ್ರೋಜನ್ ಸಲ್ಫೈಡಿನ ಮೊಟ್ಟೆಯಂಥ ವಾಸನೆ ಮೊದಲು ತಗ್ಗಿ, ಅದರ ಹಿಂದೆ ಅಡಗಿದ್ದ ಹಣ್ಣು ಮುಂದೆ ಬರುತ್ತದೆ. ಕರಗಿದ್ದ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಹೊರಹೋಗುವುದರಿಂದ ನಾಲಿಗೆಗೆ ತಾಗುವ ಸಣ್ಣ ಚುರುಕು ಇಳಿದು ವೈನ್ ಮೃದುವೆನಿಸುತ್ತದೆ. ಆದರೆ ಅದರಲ್ಲಿರುವ ಆಮ್ಲದ ಪ್ರಮಾಣ ಬದಲಾಗಿರುವುದಿಲ್ಲ. ಬೇಯಿಸಿದ ಕೋಸಿನ ವಾಸನೆ ಅರ್ಧ ಗಂಟೆಯ ನಂತರವೂ ಉಳಿದರೆ ಇನ್ನಷ್ಟು ಗಾಳಿಯಾಡಿಸಿ ಪ್ರಯೋಜನವಿಲ್ಲ, ಏಕೆಂದರೆ ಎಲ್ಲ ಗಂಧಕ ಸಂಯುಕ್ತಗಳೂ ಗಾಳಿಗೆ ಬಗ್ಗುವುದಿಲ್ಲ.

ನನ್ನ ಅನುಭವದಲ್ಲಿ ಎಳೆಯ ಶಾಬ್ಲಿಗೆ ಅರ್ಧ ಗಂಟೆ ಧಾರಾಳವಾಯಿತು. ಎರಡು ಗಂಟೆ ಬಿಟ್ಟರೆ ನಿಂಬೆಯ ತಾಜಾತನ ಮಂಕಾಗುತ್ತದೆ. ಹಲವು ವರ್ಷ ಇಟ್ಟು ಮಾಗಿಸಿದ ಬಾಟಲಿಯಾದರೆ ಡಿಕ್ಯಾಂಟರಿನ ಗೊಡವೆಗೆ ಹೋಗದೆ, ಗ್ಲಾಸಿನಲ್ಲಿಯೇ ನಿಧಾನವಾಗಿ ಅರಳಲು ಬಿಡುವುದು ಲೇಸು.