ಅತ್ತೆ ಜೋರಾಗಿ ಪ್ರಾರ್ಥಿಸುತ್ತಾರೆ

ನಮ್ಮ ಅತ್ತೆಗೆ ಕಿವಿ ಮಂದ. ಪಿಸುಗುಡುತ್ತಿದ್ದೇನೆ ಅಂದುಕೊಂಡು ಅವರು ಆಡುವ ಮಾತು ಬಾಗಿಲಾಚೆಗೂ ಕೇಳುತ್ತದೆ. ಬೆಳಗಿನ ಪ್ರಾರ್ಥನೆಯೂ ಹಾಗೇ. ದೇವರಿಗೂ ಅವರಿಗೂ ನಡುವೆ ಇರಬೇಕಾದ ಗುಟ್ಟೆಲ್ಲ ಇಡೀ ಮನೆಗೆ ಗೊತ್ತು. ಮದುವೆಯಾಗಿ ಹದಿನೈದು ವರ್ಷವಾಯಿತು, ಅಷ್ಟೂ ವರ್ಷ ಅದು ನನಗೆ ಬೆಳಗಿನ ಗದ್ದಲಗಳಲ್ಲಿ ಇನ್ನೊಂದು ಗದ್ದಲವಾಗಿತ್ತು. ಈ ವರ್ಷ ಚಳಿ ಮುಗಿಯುವ ಹೊತ್ತಿಗೆ ಮೊದಲ ಸಲ ಕಿವಿಗೊಟ್ಟು ಕೇಳಿದೆ. ಅದಕ್ಕೆ ಕಾರಣ, ನಾನು ನಂಬಿಕೊಂಡಿದ್ದ ಒಂದು ನೋಟ್‌ಬುಕ್ ಕೈಕೊಟ್ಟಿದ್ದು.

ಫೆಬ್ರವರಿ ಕೊನೆಯ ವಾರ. ಚಳಿ ಪೂರ್ತಿ ಹೋಗಿರಲಿಲ್ಲ. ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಹೋದ ಮಕ್ಕಳು ಮಧ್ಯಾಹ್ನದ ಬಿಸಿಲಿಗೆ ಅದನ್ನು ಬಿಚ್ಚಿ ಎಲ್ಲೋ ಮರೆತು ಬರುತ್ತಿದ್ದರು. ಒಬ್ಬರ ಕೆಮ್ಮು ಮುಗಿಯುವಷ್ಟರಲ್ಲಿ ಇನ್ನೊಬ್ಬರದು ಶುರು. ಮನೆ ಮುಂದಿನ ಮರ ಬರೀ ಕಡ್ಡಿ. ಯಾರೂ ಯಾರ ಜೊತೆಗೂ ಜಗಳ ಆಡಿರಲಿಲ್ಲ, ಆದರೂ ಎಲ್ಲರ ಮಾತೂ ಮೊಟಕಾಗಿತ್ತು. "ಬೀಗ?" "ಹಾಕಿದೆ." "ಔಷಧಿ?" "ಕೊಟ್ಟೆ." ನನ್ನ ಪ್ರಾರ್ಥನೆಯೂ ಸಾಮಾನಿನ ಚೀಟಿಯ ಹಾಗಾಗಿತ್ತು. ಇದು ಬೇಕು, ಅದು ಸರಿಹೋಗಲಿ, ಇವನಿಗೆ ಮಾರ್ಕ್ಸ್ ಬರಲಿ. ಚೀಟಿ ಓದಿ ಮುಗಿಸಿ ಎದ್ದು ಬರುತ್ತಿದ್ದೆ.

ಆಗ ಎಲ್ಲರೂ ಮಾಡುವುದನ್ನೇ ಮಾಡಿದೆ. ಒಂದು ನೋಟ್‌ಬುಕ್ ತಗೊಂಡೆ. ದಿನಾ ಮಲಗುವ ಮುಂಚೆ ಒಳ್ಳೆಯದಾಗಿದ್ದು ಐದು ಬರೆಯಬೇಕು. ಇದು ಯಾರೋ ಸುಮ್ನೆ ಹೇಳಿದ್ದಲ್ಲ. 2003ರಲ್ಲಿ ರಾಬರ್ಟ್ ಎಮ್ಮನ್ಸ್ ಮತ್ತು ಮೈಕಲ್ ಮೆಕಲಾ ಎಂಬ ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಒಂದು ಗುಂಪಿಗೆ ಕೃತಜ್ಞತೆ ಅನಿಸಿದ ವಿಷಯಗಳನ್ನು, ಇನ್ನೊಂದಕ್ಕೆ ಕಿರಿಕಿರಿಗಳನ್ನು, ಮೂರನೆಯದಕ್ಕೆ ಸುಮ್ಮನೆ ನಡೆದದ್ದನ್ನು ಬರೆಯಲು ಹೇಳಿದ್ದರು. ವಾರಕ್ಕೊಮ್ಮೆಯಂತೆ ಹತ್ತು ವಾರ ಬರೆದ ಮೇಲೆ, ಮೊದಲನೇ ಗುಂಪಿನವರು ತಮ್ಮ ಬದುಕಿನ ಬಗ್ಗೆ ಉಳಿದವರಿಗಿಂತ ಜಾಸ್ತಿ ಸಮಾಧಾನದಲ್ಲಿದ್ದರು. ನಾನು ಅದರಲ್ಲಿ 'ವಾರಕ್ಕೊಮ್ಮೆ' ಅನ್ನುವುದನ್ನು ಬಿಟ್ಟು ಮಿಕ್ಕಿದ್ದೆಲ್ಲ ಓದಿಕೊಂಡಿದ್ದೆ!

ಹನ್ನೆರಡನೇ ದಿನಕ್ಕೆ ಪುಟ ತಿರುಗಿಸಿ ನೋಡಿದರೆ ನಗು ಬಂತು. 'ಮಕ್ಕಳು, ಆರೋಗ್ಯ, ಮನೆ, ಗಂಡ, ದೇವರು.' ಮರುದಿನ, 'ದೇವರು, ಆರೋಗ್ಯ, ಮಕ್ಕಳು, ಗಂಡ, ಮನೆ.' ಹಾಜರಿ ಪುಸ್ತಕ ಇದಕ್ಕಿಂತ ವಾಸಿ. ಆಮೇಲೆ ತಿಳಿಯಿತು, ಸೋಂಜಾ ಲ್ಯುಬೊಮಿರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಯವರು ಇದನ್ನೇ ಪರೀಕ್ಷಿಸಿದ್ದಾರೆ ಅಂತ. ಆರು ವಾರದಲ್ಲಿ, ವಾರಕ್ಕೊಂದು ಸಲ ಬರೆದವರಿಗೆ ಉಪಯೋಗವಾಯಿತು. ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ಅಭ್ಯಾಸವಾಗಿಬಿಟ್ಟರೆ ಕೈ ಬರೆಯುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ.

ಅದರ ನಡುವೆ ಇನ್ನೊಂದು ಸಾಹಸವನ್ನೂ ಮಾಡಿದ್ದೆ. ರಾತ್ರಿ ಊಟಕ್ಕೆ ಕೂತಾಗ ಪ್ರತಿಯೊಬ್ಬರೂ ಒಂದೊಂದು ಒಳ್ಳೆಯ ವಿಷಯ ಹೇಳಬೇಕು ಅಂತ ಕಾನೂನು. ಮಗಳು ದಿನಾ "ವೈಫೈ" ಅಂದಳು. ಮಗ "ಅಕ್ಕ ಹೇಳಿದ್ದೇ" ಅಂದ. ಯಜಮಾನರು ಒಂದು ದಿನ ತುಂಬಾ ಯೋಚಿಸಿ "ಎಲ್ಲಾ ಚೆನ್ನಾಗಿದೆ" ಅಂದರು. ಅತ್ತೆಗೆ ನಾವು ಏನು ಆಟ ಆಡುತ್ತಿದ್ದೇವೆ ಅನ್ನುವುದೇ ಕೇಳಿಸಲಿಲ್ಲ. ನಾಲ್ಕನೇ ದಿನಕ್ಕೆ ಆ ಕಾನೂನು ರದ್ದಾಯಿತು. ಈಗಲೂ ಹೇಳುತ್ತೇನೆ, ಹದಿಹರೆಯದ ಮಕ್ಕಳಿರುವ ಮನೆಯಲ್ಲಿ ಇದನ್ನು ಬಲವಂತ ಮಾಡಲು ಹೋಗಬೇಡಿ.

ಮಾರ್ಚ್ ಮೊದಲ ವಾರ. ಅತ್ತೆಯ ಕೋಣೆಯ ಹೊರಗೆ ಒಗೆದ ಬಟ್ಟೆ ಮಡಚುತ್ತಿದ್ದೆ. ಒಳಗಿಂದ ಪ್ರಾರ್ಥನೆ ಕೇಳುತ್ತಿತ್ತು.

"ನಿನ್ನೆ ಮಂಡಿ ಮೂರು ಗಂಟೆವರೆಗೂ ನೋಯಲಿಲ್ಲ. ಆಮೇಲೆ ನೋಯ್ತು, ಅದು ಬೇರೆ. ಮೂರು ಗಂಟೆವರೆಗಿನದ್ದಕ್ಕೆ ನಿನಗೆ ನಮಸ್ಕಾರ. ಮೊಮ್ಮಗ ಬಂದು ಕನ್ನಡಕ ಹುಡುಕಿಕೊಟ್ಟ. ಮಂಚದ ಕೆಳಗೆ ತೂರಿದ್ದ ಪಾಪ. ಅದಕ್ಕೂ ನಮಸ್ಕಾರ. ಇವತ್ತು ಬೆಳಕು ಬೇಗ ಬಂತು. ನಿನ್ನೆ ಈ ಹೊತ್ತಿಗೆ ಗೋಡೆ ಮುಟ್ಟಿರಲಿಲ್ಲ."

ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ನನ್ನ ಪುಸ್ತಕದಲ್ಲಿ 'ಆರೋಗ್ಯ' ಅಂತ ಹನ್ನೆರಡು ಸಲ ಇದೆ. ಒಂದರಲ್ಲೂ ಮಂಡಿ ಇಲ್ಲ, ಮೂರು ಗಂಟೆ ಇಲ್ಲ. 'ಮಕ್ಕಳು' ಇದ್ದಾರೆ, ಮಂಚದ ಕೆಳಗೆ ತೂರಿದ ಮಗು ಇಲ್ಲ. ಅತ್ತೆಯದು ಲೆಕ್ಕ ಬರೆದ ಹಾಗೆ, ಯಾವುದು, ಎಷ್ಟು ಹೊತ್ತು, ಯಾರಿಂದ. ಮಂಡಿ ಆಮೇಲೆ ನೋಯಿತು ಅನ್ನುವುದನ್ನೂ ಮುಚ್ಚಿಡಲಿಲ್ಲ ನೋಡಿ. ನನಗೆ ಅದು ತುಂಬಾ ಹಿಡಿಸಿತು.

ಬೆಳಕಿನ ವಿಷಯ ನಿಜವೇ ಅಂತ ಮರುದಿನ ನಾನೂ ನೋಡಿದೆ. ನಿಜ. ಮಾರ್ಚ್ 20ರ ಆಸುಪಾಸಿನಲ್ಲಿ ಹಗಲು ರಾತ್ರಿ ಹೆಚ್ಚುಕಮ್ಮಿ ಸಮ ಆಗುತ್ತವಲ್ಲ, ಹಗಲಿನ ಉದ್ದ ದಿನದಿಂದ ದಿನಕ್ಕೆ ಅತಿ ವೇಗವಾಗಿ ಬದಲಾಗುವುದು ಆ ಹೊತ್ತಿನಲ್ಲೇ. ಭೂಮಧ್ಯ ರೇಖೆಯಿಂದ ದೂರ ಹೋದಷ್ಟೂ ಅದು ಇನ್ನೂ ಎದ್ದು ಕಾಣುತ್ತದೆ. ಕಿವಿ ಕೇಳದ ಮುದುಕಿ ಗೋಡೆ ನೋಡಿ ಅದನ್ನು ಹಿಡಿದಿದ್ದರು. ನಾನು ಅದೇ ಕೋಣೆಯನ್ನು ದಿನಾ ಗುಡಿಸುತ್ತಿದ್ದೆ.

ಅವತ್ತಿನಿಂದ ಎರಡು ಬದಲಾವಣೆ ಮಾಡಿಕೊಂಡೆ. ಒಂದು ಪ್ರಾರ್ಥನೆಯಲ್ಲಿ. ಅತ್ತೆ ಬೇಡಿಕೆಗಳನ್ನು ಯಾವಾಗಲೂ ಕೊನೆಗೆ ಇಡುತ್ತಾರೆ, ಅದೂ ಒಂದೋ ಎರಡೋ. ಬೇರೆ ಬೇರೆ ನಂಬಿಕೆಗಳಲ್ಲೂ ಇದೇ ಕ್ರಮ ಇದೆ ಅಂತ ಆಮೇಲೆ ಗಮನಿಸಿದೆ. ಮುಸ್ಲಿಮರ ನಮಾಜಿನಲ್ಲಿ ಹೇಳುವ ಅಲ್ ಫಾತಿಹಾದಲ್ಲಿ ದೇವರ ಸ್ತುತಿ ಮೊದಲು, ದಾರಿ ತೋರಿಸು ಅನ್ನುವ ಕೋರಿಕೆ ಆಮೇಲೆ. 16ನೇ ಶತಮಾನದಲ್ಲಿ ಇಗ್ನೇಷಿಯಸ್ ಲೊಯೋಲ ಎಂಬ ಕ್ರೈಸ್ತ ಸಂತ ಹೇಳಿಕೊಟ್ಟ ಆತ್ಮಶೋಧನೆಯ ಕ್ರಮದಲ್ಲಿ ಐದು ಹೆಜ್ಜೆ. ಮೊದಲನೆಯದು, ಪಡೆದದ್ದಕ್ಕೆ ವಂದನೆ. ತಪ್ಪಿನ ಲೆಕ್ಕ, ಕ್ಷಮೆ ಎಲ್ಲ ಅದರ ನಂತರ. ಯೆಹೂದಿಗಳು ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಹೇಳುವ ಪುಟ್ಟ ಪ್ರಾರ್ಥನೆಯೂ ವಂದನೆಯೇ. ನಾನು ನನ್ನ ಚೀಟಿಯನ್ನು ತಲೆಕೆಳಗು ಮಾಡಿದೆ. ನಿನ್ನೆಯ ಮೂರು ಸಂಗತಿ ಮೊದಲು, ಬೇಡಿಕೆ ಕೊನೆಗೆ. ಎಷ್ಟೋ ದಿನ ಕೊನೆಗೆ ಬರುವಷ್ಟರಲ್ಲಿ ಬೇಡಿಕೆಗಳಲ್ಲಿ ಅರ್ಧ ನೆನಪಿಗೇ ಬರುತ್ತಿರಲಿಲ್ಲ.

ಎರಡನೆಯದು ನೋಟ್‌ಬುಕ್ಕಿನಲ್ಲಿ. ವಾರಕ್ಕೊಮ್ಮೆ, ಭಾನುವಾರ ಮಾತ್ರ. ಬರೆಯುವುದೂ ಒಂದೇ ಪ್ರಶ್ನೆಗೆ ಉತ್ತರ: 'ಇದನ್ನು ಮಾಡಿದ್ದು ಯಾರು?' ಮಾರ್ಟಿನ್ ಸೆಲಿಗ್ಮನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನ ಒಂದು ವಾರ ದಿನಕ್ಕೆ ಮೂರು ಒಳ್ಳೆಯ ವಿಷಯ ಬರೆದಿದ್ದರು. ಬರೀ ವಿಷಯವಲ್ಲ, ಅದು ಯಾಕೆ ಆಯಿತು ಅನ್ನುವುದನ್ನೂ ಬರೆಯಬೇಕಿತ್ತು. ನನಗೆ ಆ 'ಯಾಕೆ' ಅನ್ನುವುದು ಮನೆಗೆ ಬಂದಾಗ 'ಯಾರು' ಆಯಿತು. ಮನೆಕೆಲಸದ ಗುಣವೇ ಹಾಗೆ ಅಲ್ವಾ? ಮಾಡಿದರೆ ಕಾಣುವುದಿಲ್ಲ, ಬಿಟ್ಟರೆ ಕಾಣುತ್ತದೆ. ತುಂಬಿದ ನೀರಿನ ಬಾಟಲಿಯನ್ನು ಯಾರೂ ನೋಡುವುದಿಲ್ಲ. ಖಾಲಿ ಬಾಟಲಿಗೆ ಮಾತ್ರ "ಯಾರೇ ಇದನ್ನ ಹೀಗೇ ಇಟ್ಟಿದ್ದು" ಅಂತ ವಿಚಾರಣೆ.

ಆ ಪ್ರಶ್ನೆ ಹಿಡಿದುಕೊಂಡು ಮನೆ ಸುತ್ತಿದೆ. ನನ್ನ ಫೋನ್ ದಿನಾ ಬೆಳಿಗ್ಗೆ ಚಾರ್ಜ್ ಆಗಿರುತ್ತಿತ್ತು. ನಾನು ಮರೆತು ಮಲಗಿದ ದಿನವೂ. ಮೆಟ್ಟಿಲ ದೀಪ ಯಾವಾಗಲೂ ಆರಿರುತ್ತಿತ್ತು. ಇವೆರಡೂ ಯಜಮಾನರದು. ಇಷ್ಟು ವರ್ಷ ರಾತ್ರಿ ಕೊನೆಗೆ ಮಲಗುವವಳು ನಾನೇ ಅಂದುಕೊಂಡಿದ್ದೆ. ನಾನು ಮಲಗಿದ ಮೇಲೆ ಅವರು ಎದ್ದು ಒಂದು ಸುತ್ತು ಹಾಕುತ್ತಾರಂತೆ. ಮೈಕಲ್ ರಾಸ್, ಫಿಯೊರೆ ಸಿಕೊಲಿ ಎಂಬಿಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಮನೆಕೆಲಸದಲ್ಲಿ ನಿಮ್ಮ ಪಾಲು ಎಷ್ಟು ಅಂತ ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆಯಾಗಿ ಕೇಳಿ ಕೂಡಿಸಿದರೆ, ಮೊತ್ತ ನೂರಕ್ಕೂ ಜಾಸ್ತಿ ಬರುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ. ತಾನು ಮಾಡಿದ್ದು ತನಗೆ ಚೆನ್ನಾಗಿ ನೆನಪಿರುತ್ತದೆ, ಅಷ್ಟೇ. ನಮ್ಮ ಮನೆಯ ಮೊತ್ತ ನೂರೈವತ್ತು ದಾಟುತ್ತಿತ್ತೇನೋ. ಅದರಲ್ಲಿ ನನ್ನದೇ ತೊಂಬತ್ತು ಅಂತ ಬರೆದುಕೊಡುತ್ತಿದ್ದೆ.

ಇನ್ನೊಂದು, ಬಾಗಿಲ ಬಳಿಯ ಚಪ್ಪಲಿ. ರಾತ್ರಿ ಎಲ್ಲರೂ ಬಿಸಾಡಿದ ಚಪ್ಪಲಿ ಬೆಳಿಗ್ಗೆ ಸಾಲಾಗಿರುತ್ತಿತ್ತು. ಮಗಳಿರಬೇಕು ಅಂತ ಮನಸ್ಸಲ್ಲೇ ಮೆಚ್ಚಿದ್ದೆ. ಒಂದು ದಿನ ಬೇಗ ಎದ್ದು ನೋಡಿದರೆ ಅತ್ತೆ. ಊರುಗೋಲಿನಿಂದ ಒಂದೊಂದೇ ಚಪ್ಪಲಿಯನ್ನು ಗೋಡೆಗೆ ತಳ್ಳುತ್ತಿದ್ದರು. ನನಗೆ ಗಂಟಲು ಕಟ್ಟಿತು. "ನಮಗೋಸ್ಕರ ಎಷ್ಟು ಕಷ್ಟ ಪಡ್ತೀರಿ" ಅಂದೆ. ಎರಡನೇ ಸಲಕ್ಕೆ ಕೇಳಿಸಿತು. "ನಿಮಗೋಸ್ಕರ ಯಾಕೆ? ನಾನು ಎಡವಬಾರದು ಅಂತ" ಅಂದರು. ಕಟ್ಟಿದ ಗಂಟಲು ಬಿಟ್ಟುಹೋಯಿತು. ಆದರೂ ಬರೆದುಕೊಂಡೆ. ಅವರು ಎಡವದೆ ಇದ್ದದ್ದೂ ನನ್ನ ಲೆಕ್ಕಕ್ಕೇ ಬರುತ್ತದೆ.

ಎಲ್ಲಾ ದಿನ ಹೀಗಿರಲಿಲ್ಲ. ಮಾರ್ಚ್ ನಡುವೆ ಮಗನಿಗೆ ಜ್ವರ ಬಂತು. ಎರಡು ರಾತ್ರಿ ನಾನೊಬ್ಬಳೇ ಎದ್ದಿದ್ದೆ. ಭಾನುವಾರ ನೋಟ್‌ಬುಕ್ ತೆಗೆದರೆ ಪೆನ್ನು ಓಡಲಿಲ್ಲ. ಬರೆದಿದ್ದರೆ ಸುಳ್ಳಾಗುತ್ತಿತ್ತು. 'ಇದ್ದದ್ದರಲ್ಲಿ ಸಂತೋಷಪಡು' ಅನ್ನುವ ಮಾತನ್ನು ಹೆಣ್ಣುಮಕ್ಕಳು ಬಾಯಿ ಮುಚ್ಚಲಿ ಅಂತಲೇ ಎಷ್ಟೋ ಸಲ ಹೇಳುತ್ತಾರೆ. ನನಗೆ ಅಂಥ ಕೃತಜ್ಞತೆ ಬೇಡ. ಪುಸ್ತಕ ಮುಚ್ಚಿ ಹೋಗಿ "ರೀ, ಇವತ್ತು ರಾತ್ರಿ ನಿಮ್ಮ ಸರದಿ" ಅಂದೆ. ಅವರು "ಮೊದಲೇ ಎಬ್ಬಿಸಬಾರದಿತ್ತಾ" ಅಂದರು. ಅವರಾಗಿಯೇ ಏಳಬಾರದಿತ್ತಾ ಅನ್ನುವುದು ನನ್ನ ಪ್ರಶ್ನೆ, ಅದು ಇನ್ನೂ ಬಾಕಿ ಇದೆ. ಆದರೆ ಆ ರಾತ್ರಿ ಅವರು ಕೂತರು, ನಾನು ಮಲಗಿದೆ.

ಮರುದಿನ ಬೆಳಿಗ್ಗೆ ಅತ್ತೆಯ ಕೋಣೆಯಿಂದ ಇದು ಬಂತು.

"ಮಗೂಗೆ ಜ್ವರ ಇಳೀತು, ನಮಸ್ಕಾರ. ಆ ಹುಡುಗಿ ಎರಡು ರಾತ್ರಿ ಕಣ್ಣು ಮುಚ್ಚಿಲ್ಲ. ನಿನ್ನೆ ಮಲಗಿದ್ಲು, ಅದಕ್ಕೂ ನಮಸ್ಕಾರ. ಅವಳು ಈ ಮನೆಗೆ ಬಂದಿದ್ದಕ್ಕೆ ನಾನು ದಿನಾ ಹೇಳ್ತೀನಿ, ಇವತ್ತೂ ಹೇಳ್ತಿದೀನಿ."

ದಿನಾ ಅಂತೆ. ಹದಿನೈದು ವರ್ಷದಿಂದ ಬಾಗಿಲ ಹೊರಗೆ ಓಡಾಡಿಕೊಂಡಿದ್ದೇನೆ. ಒಂದು ಸಲವೂ ನನ್ನ ಕಿವಿಗೆ ಬಿದ್ದಿಲ್ಲ. ಅವರೂ ನನ್ನ ಮುಖ ನೋಡಿ ಒಂದು ದಿನ ಹೇಳಿಲ್ಲ. ಮೊದಲು ಅಳು ಬಂತು, ಆಮೇಲೆ ಸ್ವಲ್ಪ ಸಿಟ್ಟು, ಆಮೇಲೆ ನನ್ನದೇ ನೋಟ್‌ಬುಕ್ ನೆನಪಾಯಿತು. ಅದರಲ್ಲಿ ಚಾರ್ಜ್ ಆದ ಫೋನು ಇದೆ, ಮೆಟ್ಟಿಲ ದೀಪ ಇದೆ. ಯಜಮಾನರಿಗೆ ಹೇಳಿದ್ದೇನಾ? ಅತ್ತೆ ದೇವರಿಗೆ ಹೇಳಿದರು, ನಾನು ಪುಸ್ತಕಕ್ಕೆ ಹೇಳಿದೆ. ಹೇಳಬೇಕಾದವರು ಪಕ್ಕದ ಕೋಣೆಯಲ್ಲೇ ಇದ್ದರು.

ಹೇಳುವುದು ಸುಲಭ ಅಂದುಕೊಳ್ಳಬೇಡಿ. ನಮ್ಮ ಮಾತಿನಲ್ಲಿ ಮನೆಯವರಿಗೆ ಹೇಳುವಂಥ ಪದವೇ ಸರಿಯಾಗಿ ಸಿಗುವುದಿಲ್ಲ. 'ಧನ್ಯವಾದ' ಅಂದರೆ ಸಭೆಯ ಕೊನೆಯ ವಂದನಾರ್ಪಣೆ ನೆನಪಾಗುತ್ತದೆ. 'ಥ್ಯಾಂಕ್ಸ್' ಹೊರಗಿನವರಿಗೆ ಸರಿ. ಕೊನೆಗೆ ಪದವನ್ನೇ ಬಿಟ್ಟು, ಮಾಡಿದ ಕೆಲಸವನ್ನು ಇದ್ದ ಹಾಗೆ ಹೇಳುವುದು ಅಂತ ತೀರ್ಮಾನಿಸಿದೆ. "ರೀ, ದಿನಾ ನನ್ನ ಫೋನ್ ಚಾರ್ಜಿಗೆ ಹಾಕ್ತೀರಲ್ಲ, ನೋಡಿದೆ. ನನಗೆ ಬೆಳಿಗ್ಗೆ ಒಂದು ತಲೆನೋವು ಕಮ್ಮಿ" ಅಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಯಾಕೆ, ಏನಾದ್ರೂ ಬೇಕಿತ್ತಾ?" ಅಂದರು. ಆದರೆ ಅವತ್ತಿಡೀ ಸಿಳ್ಳೆ ಹಾಕಿಕೊಂಡು ಓಡಾಡಿದರು. ಮಗನಿಗೆ ಕನ್ನಡಕದ ವಿಷಯ ಹೇಳಿದೆ. ಮಗಳ ಬಗ್ಗೆ ಹುಡುಕಲು ಮೂರು ದಿನ ಬೇಕಾಯಿತು. ಆಮೇಲೆ ಗೊತ್ತಾಯಿತು, ಅಜ್ಜಿಯ ಮಾತ್ರೆಗಳನ್ನು ವಾರದ ಡಬ್ಬಿಗೆ ಜೋಡಿಸುವವಳು ಅವಳೇ. ಹೇಳಿದಾಗ "ಅಮ್ಮಾ, ಪ್ಲೀಸ್" ಅಂತ ಮುಖ ತಿರುಗಿಸಿದಳು. ಕಿವಿ ಕೆಂಪಾಗಿತ್ತು.

ಮನೆ ಮುಂದಿನ ಮರದಲ್ಲಿ ಅಷ್ಟೊತ್ತಿಗೆ ಕಡ್ಡಿಯ ತುದಿಗಳು ಉಬ್ಬಿದ್ದವು. ಚಳಿ ಪ್ರದೇಶದ ಎಷ್ಟೋ ಮರಗಳಲ್ಲಿ, ವಸಂತದಲ್ಲಿ ಬಿಚ್ಚುವ ಮೊಗ್ಗು ಹಿಂದಿನ ಬೇಸಿಗೆಯಲ್ಲೇ ಕಟ್ಟಿ ಕೂತಿರುತ್ತದಂತೆ. ಬೋಳು ಅಂದುಕೊಂಡು ಚಳಿಗಾಲವೆಲ್ಲ ನೋಡಿದ್ದೇ ನೋಡಿದ್ದು.

ಉಳಿದಿದ್ದವರು ಅತ್ತೆ. ಅವರಿಗೆ ಮೆಲ್ಲಗೆ ಹೇಳುವ ಹಾಗೇ ಇಲ್ಲ. ಒಂದು ಸಂಜೆ ಪಕ್ಕದಲ್ಲಿ ಕೂತು ಕಿವಿಯ ಹತ್ತಿರ ಬಾಗಿದೆ. "ನೀವು ಬೆಳಿಗ್ಗೆ ನನ್ನ ಬಗ್ಗೆ ಹೇಳಿದ್ದು ಕೇಳಿಸ್ತು." "ಏನು?" "ಕೇಳಿಸ್ತು ಅಂದೆ!" "ಯಾರು ಬಂದ್ರು?" ನಾಲ್ಕನೇ ಸಲಕ್ಕೆ ನಾನು ಕಿರುಚುತ್ತಿದ್ದೆ. "ನೀವು ಇರೋದರಿಂದ ನನಗೆ ಧೈರ್ಯ! ನಿಮ್ಮ ಪ್ರಾರ್ಥನೆ ಕೇಳಿ ನಾನೂ ಕಲಿತೆ!" ಒಳಗಿಂದ ಮಕ್ಕಳಿಬ್ಬರೂ ಏನಾಯಿತು ಅಂತ ಓಡಿಬಂದರು. ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಅತ್ತೆ ನನ್ನ ಕೈ ತಟ್ಟಿ, "ಸರಿ ಸರಿ, ಕಿಟಕಿ ತೆಗಿ, ಸೆಕೆ" ಅಂದರು. ಅಷ್ಟೇನಾ ಅನಿಸಿತು.

ಬೆಳಿಗ್ಗೆ ಬಟ್ಟೆ ಮಡಚುವ ನೆಪದಲ್ಲಿ ಅದೇ ಜಾಗದಲ್ಲಿ ನಿಂತೆ.

"ಮಂಡಿ ನಿನ್ನೆ ಪೂರ್ತಿ ನೋಯ್ತು. ಅದಕ್ಕೆ ಏನೂ ಹೇಳಲ್ಲ. ಸಂಜೆ ಸೊಸೆ ಬಂದು ಕಿವೀಲಿ ಕಿರುಚಿದ್ಲು. ಒಂದು ಮಾತೂ ಬಿಟ್ಟುಹೋಗಲಿಲ್ಲ. ನಮಸ್ಕಾರ."